ಹದಿನೈದು ದಿನ ಅಂದರೆ ಹದಿನಾಲ್ಕು

ಅರ್ಗಿರೋ ಎರಡು ಊರುಗೋಲುಗಳ ಮೇಲೆ ನಡೆಯುವವಳು. ಎಡಗೈಯ ಕೋಲಿಗೆ ಹೆಸರಿಲ್ಲ; ಬಲಗೈಯದರ ಹೆಸರು ‘ಅತ್ತೆ’. “ನಾನು ಅದರ ಮೇಲೆ ಭಾರ ಹಾಕೋದಕ್ಕಿಂತ ಅದು ನನ್ನ ಮೇಲೆ ಹಾಕೋದೇ ಜಾಸ್ತಿ” ಎಂದು ಕೇಳಿದವರಿಗೂ ಕೇಳದವರಿಗೂ ವಿವರಿಸುತ್ತಾಳೆ. ಅತ್ತೆಯ ಮಗ, ಅಂದರೆ ಅವಳ ಗಂಡ ಇಗ್ನಾತಿಸ್, ಈ ತಮಾಷೆಯನ್ನು ಹದಿನೇಳು ವರ್ಷದಿಂದ ಕೇಳುತ್ತಿದ್ದಾನೆ; ಹದಿನೇಳು ವರ್ಷದಿಂದಲೂ ಕಿವುಡನ ಹಾಗೆ ಕಾಫಿ ಕುಡಿಯುತ್ತಿದ್ದಾನೆ.

ಹತ್ತೊಂಬತ್ತನೇ ವಯಸ್ಸಿಗೆ ಲೆಸ್ವೋಸ್ ದ್ವೀಪದಿಂದ ಮೆಲ್ಬರ್ನಿಗೆ ಬಂದವಳು ಮರುವಾರವೇ ಹೆಣಿಗೆ ಗಿರಣಿ ಸೇರಿದಳು. ಇಪ್ಪತ್ತೈದು ವರ್ಷ ಒಂದೇ ಯಂತ್ರದ ಮುಂದೆ ನಿಂತು, ತಾನೆಂದೂ ಕಾಣದ ಕಾಲುಗಳಿಗೆ ಕಾಲುಚೀಲ ಹೆಣೆದಳು. ನಲವತ್ತನಾಲ್ಕರಲ್ಲಿ ನೂಲಿನ ಪೆಟ್ಟಿಗೆಗಳ ಅಟ್ಟಿ ಜಾರಿ ಅವಳ ಸೊಂಟದ ಮೇಲೆ ಬಿತ್ತು. ಎರಡು ಶಸ್ತ್ರಚಿಕಿತ್ಸೆಯಾಯಿತು, ಗಿರಣಿಯೂ ಮುಚ್ಚಿತು. ಆಮೇಲೆ ಅವಳು ಅಂಗವಿಕಲರ ಪಿಂಚಣಿಗೆ ಅರ್ಜಿ ಹಾಕಿದಳು. ತನ್ನ ಸೊಂಟ ಮುರಿದಿದೆ ಎಂದು ಸರ್ಕಾರವನ್ನು ನಂಬಿಸಲು ಎರಡು ವರ್ಷ ಹಿಡಿಯಿತು. ಬೀದಿ ನಾಯಿಗೂ ತಿಳಿದಿದ್ದ ಸಂಗತಿ ಅದು. ನಾಯಿಗೆ ಅರ್ಜಿ ಫಾರಂ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಅವಳಿಗೆ ಅರವತ್ತೊಂದಾದ ವರ್ಷ ಊರಿಂದ ಅಕ್ಕ ಮೆರೋಪಿ ಫೋನಿನಲ್ಲಿ ಹಟ ಹಿಡಿದಳು.

“ಬರ್ತೀಯೇನೇ ಇಲ್ವೇನೇ? ಬುಗ್ಗೆ ನೀರು ಹಾಗೇ ಕುದೀತಾ ಇದೆ. ನನ್ನ ಮಂಡಿ ನೋಡು, ಹೋದ ವರ್ಷ ಮಡಚೋಕಾಗ್ತಿರಲಿಲ್ಲ. ಈಗ ಚರ್ಚಲ್ಲಿ ಮಂಡಿಯೂರಿದ್ರೆ ಪಾದ್ರಿಗೇ ಗಾಬರಿ.”

ಅವರ ಹಳ್ಳಿಯ ಪಕ್ಕ ಬಿಸಿನೀರ ಬುಗ್ಗೆಯಿದೆ. ಮೂಳೆನೋವಿನವರು ಅಲ್ಲಿ ದಿನಕ್ಕೊಂದರಂತೆ ಇಪ್ಪತ್ತೊಂದು ಸ್ನಾನ ಮಾಡಬೇಕು. ಇಪ್ಪತ್ತಕ್ಕೇ ನಿಲ್ಲಿಸಿದರೆ ಒಂದೂ ಮಾಡದ ಹಾಗೆ. ಯಾಕೆ ಎಂದು ಯಾರೂ ಕೇಳಿಲ್ಲ. ಕೇಳುವವರಿಗೆ ಮೂಳೆನೋವಿಲ್ಲ ಎಂದು ಅರ್ಥ.

ಇತ್ತ ಪಿಂಚಣಿಯ ನಿಯಮವೂ ಒಂದು ಸಂಖ್ಯೆ ಹಿಡಿದು ಕೂತಿತ್ತು. ಅರ್ಗಿರೋಳಂಥವರು ಹನ್ನೆರಡು ತಿಂಗಳಲ್ಲಿ ಒಟ್ಟು ಇಪ್ಪತ್ತೆಂಟು ದಿನ ದೇಶದ ಹೊರಗಿರಬಹುದು. ಅದನ್ನು ದಾಟಿದರೆ ಪಿಂಚಣಿ ನಿಲ್ಲುತ್ತದೆ. ಅವಳು ಅಡುಗೆಮನೆಯ ಕ್ಯಾಲೆಂಡರಿನ ಮುಂದೆ ನಿಂತು ಬೆರಳು ಮಡಚಿದಳು. ಹೋಗಲು ಮೂರು ದಿನ, ಬರಲು ಮೂರು ದಿನ, ಸ್ನಾನಕ್ಕೆ ಇಪ್ಪತ್ತೊಂದು, ಸುಮ್ಮನೆ ಮಲಗಲು ಒಂದು. ಇಪ್ಪತ್ತೆಂಟು! ಸರ್ಕಾರವೂ ಬುಗ್ಗೆಯೂ ಮೊದಲೇ ಮಾತಾಡಿಕೊಂಡಂತಿತ್ತು.

ಇಗ್ನಾತಿಸ್ ಮಾತ್ರ ಒಪ್ಪದೆ ತಲೆ ಆಡಿಸಿದ. ಅವನು ಎಲ್ಲ ಕಾನೂನನ್ನೂ ಬಲ್ಲವನು, ಒಂದನ್ನೂ ಓದಿದವನಲ್ಲ.

“ಯಾರಿಗೂ ಹೇಳ್ಬೇಡ. ಸುಮ್ನೆ ಹೋಗಿ ಸುಮ್ನೆ ಬಾ.”

“ನಾನೇನು ಕೋಳಿ ಕದಿಯೋಕೆ ಹೋಗ್ತಿದೀನಾ? ಹೇಳಿಯೇ ಹೋಗೋದು.”

ಹಾಗಾಗಿ ಅವಳು ಪಿಂಚಣಿ ಕಚೇರಿಗೆ ಫೋನ್ ಮಾಡಿದಳು. ಮುಕ್ಕಾಲು ಗಂಟೆ ಪಿಯಾನೋ ಕೇಳಿಸಿದ ಮೇಲೆ ಒಬ್ಬ ಮನುಷ್ಯನ ದನಿ ಬಂತು. ಗ್ರೀಕ್ ದುಭಾಷಿ ಬೇಕೇ ಎಂದು ಆತ ವಿನಯದಿಂದ ಕೇಳಿದ.

“ನಲವತ್ತೆರಡು ವರ್ಷದಿಂದ ಇಲ್ಲಿದೀನಿ. ನಿಮಗೆ ಬೇಕಿದ್ರೆ ಇಟ್ಕೊಳ್ಳಿ” ಎಂದು ತನ್ನ ಇಂಗ್ಲಿಷಿನಲ್ಲಿ ಹೇಳಿ ಮುಂದುವರಿಸಿದಳು. “ಹೋಗೋದು ಬರೋದು ಎಲ್ಲ ಸೇರಿ ಹದಿನೈದು ದಿನ ಅಕ್ಕನ ಮನೇಲಿ, ಹದಿನೈದು ದಿನ ಬುಗ್ಗೆ ಪಕ್ಕ ಬಾಡಿಗೆ ಕೋಣೇಲಿ. ಆಮೇಲೆ ವಾಪಸ್.”

ಆತ ಬರೆದುಕೊಂಡ. ಇಬ್ಬರೂ ಒಬ್ಬರಿಗೊಬ್ಬರು ಧನ್ಯವಾದ ಹೇಳಿಕೊಂಡರು.

ಇಲ್ಲಿ ನಮ್ಮ ಜನದ ಲೆಕ್ಕದ ಬಗ್ಗೆ ಒಂದು ಮಾತು ಹೇಳಬೇಕು. ಗ್ರೀಕರಾದ ನಮಗೆ ವಾರ ಎಂದರೆ ಎಂಟು ದಿನ, ಎರಡು ವಾರ ಎಂದರೆ ಹದಿನೈದು ದಿನ. ಭಾನುವಾರದಿಂದ ಭಾನುವಾರಕ್ಕೆ ಎಣಿಸುವಾಗ ಎರಡು ಭಾನುವಾರಗಳನ್ನೂ ಸೇರಿಸಿಕೊಳ್ಳುತ್ತೇವೆ. ಬಾಗಿಲಿಗೆ ಬಂದ ದಿನವನ್ನು ಹೊರಗೆ ನಿಲ್ಲಿಸುವುದು ಹೇಗೆ? ಜ್ಯಾಮಿತಿ ಕಂಡುಹಿಡಿದವರ ಮೊಮ್ಮಕ್ಕಳು ಎಂದು ಎದೆ ಉಬ್ಬಿಸುತ್ತೇವೆ, ಹದಿನಾಲ್ಕನ್ನು ಹದಿನೈದು ಎನ್ನುತ್ತೇವೆ. ನಮ್ಮ ನಮ್ಮಲ್ಲಿ ಯಾರಿಗೂ ಇದರಿಂದ ನಷ್ಟವಾಗಿಲ್ಲ. ಇಂಗ್ಲಿಷಿನವರು ಮಾತ್ರ ಎರಡು ವಾರಕ್ಕೆ ‘ಫೋರ್ಟ್‌ನೈಟ್’ ಎನ್ನುತ್ತಾರೆ. ಹದಿನಾಲ್ಕು ರಾತ್ರಿಗಳನ್ನು ಒಂದೇ ಪದದೊಳಗೆ ಹಿಸುಕಿ ತುಂಬಿಟ್ಟಿದ್ದಾರೆ.

ಎಂಟು ದಿನಕ್ಕೆ, ಅಂದರೆ ಏಳು ದಿನಕ್ಕೆ, ಕಾಗದ ಬಂತು. ‘ನೀವು ಮೂವತ್ತು ದಿನ ಹೊರಗಿರುವುದಾಗಿ ತಿಳಿಸಿದ್ದೀರಿ. ಇಪ್ಪತ್ತೆಂಟು ದಿನಗಳ ಬಳಿಕ ನಿಮ್ಮ ಪಿಂಚಣಿ ನಿಲ್ಲುತ್ತದೆ.’

“ಮೂವತ್ತಾ? ಯಾವ ಕತ್ತೆ ಹೇಳ್ತು ಮೂವತ್ತು ಅಂತ?”

ಅವಳು ಮತ್ತೆ ಫೋನ್ ಮಾಡಿದಳು, ಮತ್ತೆ ಪಿಯಾನೋ ಕೇಳಿದಳು. ಈ ಸಲ ಬೇರೆ ದನಿ. ಅದೇನೂ ದೊಡ್ಡ ವಿಷಯವಲ್ಲ, ‘ಫಲಾನುಭವಿ ತಮ್ಮ ಹೇಳಿಕೆಯನ್ನು ಬದಲಾಯಿಸಿದ್ದಾರೆ’ ಎಂದು ಬರೆದು ಇಪ್ಪತ್ತೆಂಟು ಮಾಡಿಬಿಡುತ್ತೇನೆ ಎಂದಿತು.

“ಬದಲಾಯಿಸಿದ್ದಾರೆ ಅಂತ ಬರೀಬೇಡಿ. ನಾನು ಬದಲಾಯಿಸಿಲ್ಲ.”

“ಬದಲಾಯಿಸದೆ ಬದಲಾಯಿಸೋದು ಹೇಗಮ್ಮ?”

ಅರ್ಗಿರೋ ಫೋನ್ ಇಟ್ಟಳು. ಇಗ್ನಾತಿಸ್ ಹಣೆ ಚಚ್ಚಿಕೊಂಡ.

“ಮಾಡ್ತೀನಿ ಅಂದ್ರಲ್ಲ ಪುಣ್ಯಾತ್ಮರು! ಹೂಂ ಅನ್ನೋಕೆ ನಿನಗೇನು ರೋಗ? ಶುಕ್ರವಾರದೊಳಗೆ ಟಿಕೆಟ್ ತಗೊಳ್ದಿದ್ರೆ ಆ ಸೀಟು ಇನ್ನೊಬ್ಬರಿಗೆ ಹೋಗುತ್ತೆ.”

“ನೋಡು. ಇಪ್ಪತ್ತೆಂಟೇ ದಿನ ಅಂತ ಗೊತ್ತಾದ ಮೇಲೆ ಮಾತು ತಿರುಗಿಸಿದಳು ಅಂತ ಫೈಲಲ್ಲಿ ಕೂತ್ಕೊಳ್ಳುತ್ತೆ. ಅಲ್ಲಿಗೆ ನಾನು ಸುಳ್ಳುಗಾತಿ. ಸುಳ್ಳುಗಾತಿ ಸೊಂಟಾನೂ ಸುಳ್ಳೇ ಇರಬೇಕು ಅಂತ ನಾಳೆ ಇನ್ನೊಬ್ಬ ಫೈಲು ಬಿಚ್ತಾನೆ. ಮತ್ತೆ ಎರಡು ವರ್ಷ ಡಾಕ್ಟರ ಮುಂದೆ ಕುಣೀಲಾ?”

“ಕುಣಿದು ತೋರಿಸಿದ್ರೆ ಅಲ್ಲಿಗೇ ಮುಗೀತಲ್ಲ, ಪಿಂಚಣಿ ಇಲ್ಲ” ಎಂದ ಇಗ್ನಾತಿಸ್. ಅದು ಅವನು ಆ ವರ್ಷ ಆಡಿದ ಒಂದೇ ಒಳ್ಳೆಯ ಮಾತು. ಆದರೆ ಅವಳು ಆಗಲೇ ಮೇಜಿನ ಖಾನೆಯಲ್ಲಿ ಹುಡುಕಾಟಕ್ಕೆ ಇಳಿದಿದ್ದಳು. ಹದಿನೇಳು ವರ್ಷದ ಯಾವ ಕಾಗದವನ್ನೂ ಅವಳು ಎಸೆದಿರಲಿಲ್ಲ. ಕಾಗದದಿಂದಲೇ ತನ್ನ ಸೊಂಟವನ್ನು ಸಾಬೀತುಪಡಿಸಿದವಳು ಅವಳು.

ಗುರುವಾರ ಬೆಳಗ್ಗೆ ಕಚೇರಿ ತೆರೆಯುವ ಮೊದಲೇ ಅವಳು ಬಾಗಿಲಲ್ಲಿದ್ದಳು. ಇಗ್ನಾತಿಸ್ ಬೆಂಚಿನ ತುದಿಯಲ್ಲಿ, ಅಪರಿಚಿತ ಹೆಂಗಸಿನ ಪಕ್ಕ ಆಕಸ್ಮಿಕವಾಗಿ ಕೂತವನಂತೆ ಕೂತಿದ್ದ. ಕೌಂಟರಿನಲ್ಲಿದ್ದವಳ ಹೆಸರು ಲಿಯೆನ್. ಮೂವತ್ತರ ಒಳಗಿನ ವಿಯೆಟ್ನಾಮಿ ಮನೆತನದ ಹುಡುಗಿ.

ಲಿಯೆನ್ ಕಂಪ್ಯೂಟರ್ ನೋಡಿದಳು. “ಹದಿನೈದು, ಇನ್ನೊಂದು ಹದಿನೈದು ಅಂತ ಇಲ್ಲಿದೆ ಅರ್ಗಿರೋ ಅವರೇ. ಕೂಡಿಸಿದ್ರೆ ಮೂವತ್ತೇ ಆಗೋದು.”

“ನಿನ್ನ ಭಾಷೇಲಿ ಆಗುತ್ತೆ ಮಗಳೇ. ನನ್ನ ಭಾಷೇಲಿ ಇಪ್ಪತ್ತೆಂಟು.”

ಲಿಯೆನ್ ಪೆನ್ನು ಕೆಳಗಿಟ್ಟಳು. ಇಂಥ ಗಣಿತವನ್ನು ಅವಳು ಶಾಲೆಯಲ್ಲಿ ಕಲಿತಿರಲಿಲ್ಲ. “ನಿಮ್ಮ ಹೇಳಿಕೆ ಬದಲಾಯಿಸ್ತೀರಾ?”

“ಇಲ್ಲ.”

ಹಿಂದಿನ ಸಾಲಿನಲ್ಲಿ ಯಾರೋ ನಿಟ್ಟುಸಿರು ಬಿಟ್ಟರು. ಅರ್ಗಿರೋ ಚೀಲದಿಂದ ಒಂದು ಹಸಿರು ಕರಪತ್ರ ತೆಗೆದು ಕೌಂಟರಿನ ಮೇಲಿಟ್ಟಳು. ಅದು ಪಿಂಚಣಿ ಕಚೇರಿಯೇ ಗ್ರೀಕ್ ಜನರಿಗಾಗಿ ಗ್ರೀಕಿನಲ್ಲಿ ಅಚ್ಚು ಹಾಕಿಸಿದ್ದು. ಒಂದು ಸಾಲಿನ ಕೆಳಗೆ ಅವಳು ಗೆರೆ ಎಳೆದಿದ್ದಳು.

“ಇದನ್ನ ಓದು.”

“ನನಗೆ ಗ್ರೀಕ್ ಬರಲ್ಲ.”

“ಹಾಗಾದ್ರೆ ದುಭಾಷೀನ ಕರಿ” ಎಂದಳು ಅರ್ಗಿರೋ. ಬೆಂಚಿನ ತುದಿಯಲ್ಲಿ ಇಗ್ನಾತಿಸ್ ಕೆಮ್ಮಿದ. ನಲವತ್ತೆರಡು ವರ್ಷದಲ್ಲಿ ಅವಳ ಬಾಯಲ್ಲಿ ಆ ಮಾತನ್ನು ಅವನು ಕೇಳಿರಲಿಲ್ಲ. ಅವಳ ಕಿವಿ ಕೆಂಪಾಗಿತ್ತು, ಆದರೆ ತಲೆ ಬಾಗಿರಲಿಲ್ಲ.

ಲಿಯೆನ್ ಫೋನಿನ ಸ್ಪೀಕರ್ ಹಾಕಿದಳು. ಸ್ವಲ್ಪ ಹೊತ್ತಿಗೆ ಗ್ರೀಕ್ ಹೆಂಗಸೊಬ್ಬಳ ದನಿ ಬಂತು. ಹಿಂದೆ ಎಲ್ಲೋ ಕುಕ್ಕರು ಕೂಗುತ್ತಿತ್ತು. “ಹೇಳಿ ಅಮ್ಮ, ಏನು ಅನುವಾದ ಮಾಡಬೇಕು?”

ಅರ್ಗಿರೋ ಕನ್ನಡಕ ಏರಿಸಿ, ಚರ್ಚಿನಲ್ಲಿ ಸುವಾರ್ತೆ ಓದುವ ಗತ್ತಿನಲ್ಲಿ, ಗೆರೆ ಎಳೆದ ಸಾಲನ್ನು ಗ್ರೀಕಿನಲ್ಲಿ ಓದಿದಳು. ದುಭಾಷಿ ಒಂದು ಕ್ಷಣವೂ ಯೋಚಿಸದೆ ಅದನ್ನು ಇಂಗ್ಲಿಷಿಗೆ ಇಳಿಸಿದಳು: “ನಿಮ್ಮ ಪಿಂಚಣಿ ಫೋರ್ಟ್‌ನೈಟಿಗೊಮ್ಮೆ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ.”

“ನಿಲ್ಲು! ಫೋರ್ಟ್‌ನೈಟ್ ಅಂದ್ರೆ ಎಷ್ಟು ದಿನ?”

“ಹದಿನಾಲ್ಕು.”

“ಇಲ್ಲಿ ಗ್ರೀಕಿನಲ್ಲಿ ಯಾವ ಪದ ಇದೆ? ಬಿಡಿಸಿ ಹೇಳು.”

“ದೆಕಪೆಂಥೀಮೆರೋ.”

“ಅದರೊಳಗಿರೋ ದೆಕಪೆಂದೆ ಅಂದ್ರೆ ಎಷ್ಟು?”

“ಹದಿನೈದು…” ಎಂದ ದನಿ ಅಲ್ಲೇ ನಿಂತಿತು. ಕುಕ್ಕರು ಇನ್ನೊಂದು ಸಲ ಕೂಗಿತು. “ಅಯ್ಯೋ ಕನ್ಯಾಮಾತೆಯೇ! ಇಪ್ಪತ್ತೆರಡು ವರ್ಷದಿಂದ ಹೀಗೇ ಹೇಳ್ಕೊಂಡು ಬಂದಿದೀನಲ್ಲ. ಒಂದು ದಿನವೂ ಹೊಳೀಲಿಲ್ಲ.”

“ಹೊಳೆಯೋದೇನಿದೆ? ಅದೇ ಸರಿ” ಎಂದಳು ಅರ್ಗಿರೋ. ಲಿಯೆನ್ ಕಡೆ ತಿರುಗಿದಳು. “ಕೇಳಿಸ್ತಾ ಮಗಳೇ? ಹದಿನೈದು ದಿನಕ್ಕೊಮ್ಮೆ ಕೊಡ್ತೀವಿ ಅಂತ ನೀವೇ ಬರೆದಿದೀರಿ. ಹದಿನಾಲ್ಕನೇ ದಿನ ಕೊಡ್ತಿದೀರಿ. ನೀವು ಹೇಳಿಕೆ ಬದಲಾಯಿಸಿದ್ರಿ ಅಂತ ನಾನು ಯಾವತ್ತಾದ್ರೂ ಫೈಲು ತೆಗೆದೆನಾ?”

ಲಿಯೆನ್ ನಗು ತಡೆಯಲು ಕಂಪ್ಯೂಟರಿನ ಹಿಂದೆ ಬಗ್ಗಿದಳು. ಎದ್ದಾಗ ಮುಖ ಮತ್ತೆ ಸರ್ಕಾರಿಯಾಗಿತ್ತು. “ಸರಿ. ‘ಬದಲಾಯಿಸಿದ್ದಾರೆ’ ಬೇಡ. ಮತ್ತೇನು ಬರೀಲಿ?”

“ನಾನು ಹೇಳಿದ್ದು ಎರಡು ವಾರ, ಎರಡು ವಾರ. ನನ್ನ ಇಂಗ್ಲಿಷಿನಿಂದ ಅದು ಮೂವತ್ತಾಯ್ತು. ಹಾಗೆ ಬರಿ.” ಆಮೇಲೆ ಹಲ್ಲು ಕೀಳಿಸಿಕೊಳ್ಳುವವಳ ಹಾಗೆ ಹೇಳಿದಳು: “ದುಭಾಷಿ ಬೇಡ ಅಂದಿದ್ದೂ ನಾನೇ. ಅದನ್ನೂ ಬರಿ.”

ಲಿಯೆನ್ ಬರೆದಳು. ಬರೆದದ್ದನ್ನು ದುಭಾಷಿ ಗ್ರೀಕಿನಲ್ಲಿ ಓದಿ ಹೇಳುವವರೆಗೂ ಅರ್ಗಿರೋ ಕೌಂಟರ್ ಬಿಡಲಿಲ್ಲ. ‘ಹೇಳಿಕೆಯಲ್ಲಿ ಬದಲಾವಣೆ ಇಲ್ಲ. ಇಪ್ಪತ್ತೆಂಟು ದಿನ.’ ಅದರ ಪ್ರತಿ ತೆಗೆಸಿಕೊಂಡು ನಾಲ್ಕಾಗಿ ಮಡಚಿದಳು. ಶುಕ್ರವಾರ ಮಧ್ಯಾಹ್ನ ಟಿಕೆಟ್ಟು ಬಂತು.

ಜುಲೈ ತಿಂಗಳ ಸೆಕೆಯಲ್ಲಿ ಕುದಿಯುವ ನೀರಿಗೆ ಇಳಿಯುವುದು ಜಾಣರು ಮಾಡುವ ಕೆಲಸವಲ್ಲ. ಅಕ್ಕತಂಗಿಯರು ದಿನಾ ಬೆಳಗ್ಗೆ ಇಳಿದರು. ಕಲ್ಲಿನ ಗುಮ್ಮಟದ ಕೆಳಗೆ, ಕುತ್ತಿಗೆಯವರೆಗೆ ನೀರಲ್ಲಿ ಕೂತು, ಹಿಂದಿನ ಭೇಟಿಯಿಂದ ಕೂಡಿಟ್ಟ ಹದಿನೆಂಟು ವರ್ಷದ ಜಗಳಗಳನ್ನು ಒಂದೊಂದಾಗಿ ಆಡಿ ಮುಗಿಸಿದರು. ಮೆರೋಪಿ ಗೋಡೆಯ ಮೇಲೆ ಸೀಮೆಸುಣ್ಣದಿಂದ ಸ್ನಾನದ ಗೆರೆ ಎಳೆದಳು. ಒಂಬತ್ತನೆಯದಕ್ಕೆ ಅರ್ಗಿರೋಳ ಕಾಲಿನ ಜೋಮು ಸಡಿಲವಾಯಿತು. ಹದಿನಾರರ ಮೇಲೆ ಅವಳು ಒಂದೇ ಕೋಲಿನಲ್ಲಿ ಅಂಗಳ ದಾಟಿದಳು. ಇಪ್ಪತ್ತೊಂದನೆಯ ಗೆರೆ ಬಿದ್ದದ್ದು ಆಗಸ್ಟ್ ಹತ್ತಕ್ಕೆ. ಹಡಗು ಇದ್ದದ್ದು ಹನ್ನೆರಡರ ಬೆಳಗ್ಗೆ.

ಹನ್ನೊಂದರ ಮಧ್ಯಾಹ್ನ ಮೆರೋಪಿ ಕುಂಬಳದ ಹೂವಿಗೆ ಅಕ್ಕಿ ತುಂಬುತ್ತಾ ಮೆಲ್ಲನೆ ಮಾತು ತೆಗೆದಳು.

“ಹದಿನೈದಕ್ಕೆ ಕನ್ಯಾಮಾತೆ ಹಬ್ಬ. ಊರಿಗೆ ಊರೇ ಸೇರುತ್ತೆ. ತೀರಿಹೋದ ಅಮ್ಮನ ಹೆಸರಲ್ಲಿ ಚರ್ಚಿಗೆ ರೊಟ್ಟಿ ಕೊಡೋದಿದೆ. ಬರೀ ನಾಲ್ಕು ದಿನ, ಅರ್ಗಿರೋ.”

“ಆಗಲ್ಲ ಅಕ್ಕ.”

“ಕಾಲು ಜಾರ್ತು ಅಂತ ಹೇಳು. ಜ್ವರ ಬಂತು ಅಂತ ಹೇಳು. ನಮ್ಮ ಡಾಕ್ಟರು ಒಳ್ಳೆ ಮನುಷ್ಯ, ನಾಲ್ಕು ಮೊಟ್ಟೆಗೆ ನಾಲ್ಕು ಸಾಲು ಬರೆದುಕೊಡ್ತಾನೆ.”

“ಈ ಸೊಂಟದ ಬಗ್ಗೆ ನಾನು ಹದಿನೇಳು ವರ್ಷ ನಿಜಾನೇ ಹೇಳಿದೀನಿ. ಈಗ ಚೆನ್ನಾಗಿರೋ ಹೊತ್ತಲ್ಲಿ ಸುಳ್ಳು ಹೇಳ್ಲಾ?”

ಮೆರೋಪಿ ಹೂವನ್ನು ತಟ್ಟೆಗೆ ಎಸೆದಳು. “ನೀನೇ ಒಂದು ಕಚೇರಿ ಆಗ್ಬಿಟ್ಟಿದೀಯ. ಹಣೆ ಮೇಲೆ ಮೊಹರು ಹಾಕ್ಕೋ.”

ಅರ್ಗಿರೋಗೆ ಉಳಿಯುವ ಆಸೆ ಇರಲಿಲ್ಲ ಎಂದಲ್ಲ. ಚರ್ಚಿನ ಅಂಗಳದಲ್ಲಿ ಬೆಂಚು ಜೋಡಿಸುವ ಸದ್ದು ಅಲ್ಲಿಗೇ ಕೇಳುತ್ತಿತ್ತು. ಆ ಸದ್ದು ಕೇಳಿದಷ್ಟೂ ಹೊತ್ತು ಅವಳು ಬಟ್ಟೆ ಮಡಚಿ ಪೆಟ್ಟಿಗೆಗೆ ತುಂಬಿದಳು. ಮಡಚಿದ್ದನ್ನೇ ತೆಗೆದು ಇನ್ನೊಂದು ಸಲ ಮಡಚಿದಳು.

ಮರುದಿನ ಬಂದರಿಗೆ ಬರುವುದಿಲ್ಲ ಎಂದು ಆಣೆ ಇಟ್ಟಿದ್ದ ಮೆರೋಪಿ, ಟ್ಯಾಕ್ಸಿಯಲ್ಲಿ ತಂಗಿಗಿಂತ ಮೊದಲೇ ಹತ್ತಿ ಕೂತಿದ್ದಳು. ಹಡಗಿಗೆ ಹತ್ತುವ ಹಲಗೆಯ ಬುಡದಲ್ಲಿ ತಂಗಿಯ ಪೆಟ್ಟಿಗೆ ಇಳಿಸಿ ಕೇಳಿದಳು.

“ಎಷ್ಟು ವರ್ಷ ಹೀಗೆ ದಿನ ಎಣಿಸ್ಕೊಂಡು ಬರ್ತೀಯೇ?”

“ಇನ್ನು ಐದೇ ವರ್ಷ ಅಕ್ಕ. ಆಮೇಲೆ ನನ್ನನ್ನ ಈ ಪಟ್ಟಿಯಿಂದ ತೆಗೆದು ಮುದುಕರ ಪಟ್ಟಿಗೆ ಹಾಕ್ತಾರೆ. ಮುದುಕರು ಹೊರಗೆ ಹೋದ್ರೆ ಇಷ್ಟು ಬಿಗಿ ಲೆಕ್ಕ ಇಲ್ಲ.”

“ಹಾಗಂದ್ರೆ?”

“ಹಾಗಂದ್ರೆ, ಅಲ್ಲಿವರೆಗೂ ವರ್ಷಕ್ಕೆ ಇಪ್ಪತ್ತೆಂಟು ದಿನ ಬರ್ತೀನಿ. ಆಮೇಲೆ ಸರಿಯಾಗಿ ಮುದುಕಿಯಾಗಿ ಬಂದು ಹಬ್ಬ ಮುಗಿಸ್ಕೊಂಡೇ ಹೋಗ್ತೀನಿ. ಅಲ್ಲೀತನಕ ನೀನು ಸಾಯೋ ಹಾಗಿಲ್ಲ, ಗೊತ್ತಾಯ್ತಾ?”

“ನಾನ್ಯಾಕೆ ಸಾಯಲಿ?” ಮೆರೋಪಿ ಸಿಡುಕಿದಳು. “ನೀನು ಬೇಗ ಮುದುಕಿಯಾಗೋದು ನೋಡು.”

ಹಡಗು ಕೂಗಿತು. ಅರ್ಗಿರೋ ಹಲಗೆ ಹತ್ತತೊಡಗಿದಳು. ಕೈ ಹಿಡಿಯಲು ಬಂದ ನಾವಿಕನಿಗೆ ಬೇಡವೆಂದು ತಲೆ ಆಡಿಸಿ, ಹಿಂದೆ ನಿಂತವರಿಗೆಲ್ಲ ತಡವಾಗುತ್ತಿದೆ ಎಂದು ಗೊತ್ತಿದ್ದೂ, ತನ್ನ ಕಾಲಿನ ಲೆಕ್ಕದಲ್ಲೇ ಮೇಲಿನವರೆಗೂ ಹೋದಳು.