ಕುಬಸದ ದಿನ ನಾನು ಅಳಲಿಲ್ಲ

ಮಗಳು ಸುಧಾಗೆ ಮೊದಲ ಸಲ ಎದೆ ಹೊಡೆದುಕೊಂಡದ್ದು ಎಸ್ಪ್ಲನೇಡ್ ಮೆಟ್ರೋದಲ್ಲಿ. ಕೈ ತಣ್ಣಗಾಯಿತು. ಉಸಿರು ಸಿಗಲಿಲ್ಲ. ಹಾರ್ಟ್ ಅಟ್ಯಾಕ್ ಎಂದುಕೊಂಡು ಜನ ಹಿಡಿದು ಕೂರಿಸಿದರು. ಇಸಿಜಿ ಸರಿಯಿತ್ತು. ರಕ್ತವೂ ಸರಿಯಿತ್ತು.

ಕಾಯಿಲೆ ಮಾತ್ರ ಹೋಗಲಿಲ್ಲ.

ವಾರಕ್ಕೆರಡು ಸಲ ಬರತೊಡಗಿತು. ನಲವತ್ತರ ಹೆಂಗಸು, ಬ್ಯಾಂಕಿನಲ್ಲಿ ಆಫೀಸರ್, ಬಾಲಿಗಂಜ್‌ನ ನಮ್ಮ ಫ್ಲಾಟಿನ ಲಿಫ್ಟಿಗೂ ಹೆದರಿದಳು. ಬಾಗಿಲಿಂದ ಕಿಟಕಿಗೆ ಓಡಾಡುವಳು, ಅವಳ ಹಿಂದೆ ನಾನು. ಬೈದೆ. ಬೈದರೆ ಹೋಗುವ ರೋಗವಲ್ಲ ಅದು.

ಮನೋರೋಗದ ಡಾಕ್ಟರ್ ಬಂಗಾಳಿ ಹೆಣ್ಣುಮಗಳು. ಪ್ಯಾನಿಕ್ ಎಂದು ಹೆಸರಿಟ್ಟು, ಗುಳಿಗೆ ಬರೆದು, ಇವಳು ಹೊಟ್ಟೆಯಲ್ಲಿದ್ದಾಗ ನಿಮಗೆ ದೊಡ್ಡ ದುಃಖವೇನಾದರೂ ಆಗಿತ್ತೇ ಎಂದು ಹಿಂದಿಯಲ್ಲಿ ನನ್ನನ್ನು ಕೇಳಿದರು. ಬಸುರಿಗೆ ಬಿದ್ದ ಪೆಟ್ಟು ಮುಂದೆ ಮಗುವಿನ ಮನಸ್ಸಿನಲ್ಲಿ ಕಾಣಿಸಬಹುದೇ ಎಂದು ರಿಸರ್ಚ್ ನಡೆದಿದೆಯಂತೆ.

ಏನೂ ಆಗಿಲ್ಲ ಎಂದೆ.

ಸುಳ್ಳು. ನಾನು ಏಳು ತಿಂಗಳ ಬಸುರಿಯಾಗಿದ್ದಾಗ ಧಾರವಾಡದಲ್ಲಿ ನನ್ನ ಅವ್ವ ಸತ್ತಿದ್ದಳು. ಬಸುರಿಗೆ ಸಾವಿನ ಸುದ್ದಿ ಹೇಳಬಾರದೆನ್ನುವುದು ನಮ್ಮ ಮನೆಯ ರೂಢಿ. ಆಗಲೂ ನಾವು ಈ ಊರಲ್ಲೇ, ಗಂಡ ರೈಲ್ವೆಯಲ್ಲಿ ಗುಮಾಸ್ತರು. ಮೂರನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ಓದಲು ಬಾರದೆಂದು ಊರಿಂದ ಬಂದ ಪತ್ರವನ್ನು ಕಪಾಟಿನಲ್ಲೇ ಇಟ್ಟಿದ್ದರು. ಅಕ್ಷರ ಕೂಡಿಸಿ ಓದಿಕೊಂಡೆ. ಓದಿದೆನೆಂದು ಹೇಳಲಿಲ್ಲ.

ಮರುವಾರ ನನಗೆ ಕುಬಸ, ಬಸುರಿಗೆ ಮಾಡುವ ಸೀಮಂತ. ನಿಲ್ಲಿಸಿದರೆ ನನಗೆ ಸಂಶಯ ಬರುತ್ತದೆಂದು ಗಂಡ, ಅತ್ತೆ ನಿಲ್ಲಿಸಲಿಲ್ಲ. ಅತ್ತರೆ ಮುಚ್ಚಿಡಲು ಅವರು ಪಟ್ಟ ಕಷ್ಟವೆಲ್ಲ ಹಾಳೆಂದು ನಾನು ಅಳಲಿಲ್ಲ. ಹಸಿರು ಸೀರೆಯುಟ್ಟು, ಬಳೆ ತೊಟ್ಟು, ಹೆಂಗಸರ ಹಾಡು ಕೇಳುತ್ತ ಕೂತೆ. ಹೆರಿಗೆಯ ತನಕ, ಅವ್ವನಿಗೊಂದು ಪತ್ರ ಹಾಕಿರಿ ಎಂದು ಗಂಡನಿಗೆ ಹೇಳುತ್ತಲೂ ಇದ್ದೆ. ಅವರು ಕೂತು ಬರೆಯುತ್ತಲೂ ಇದ್ದರು. ಹೆರಿಗೆಯಾದ ಮೇಲೆ ಅವರು ಸುದ್ದಿ ಹೇಳಿದಾಗ, ಆಗಷ್ಟೇ ತಿಳಿದವಳಂತೆ ಕೇಳಿಕೊಂಡೆ.

ಡಾಕ್ಟರರ ಮಾತು ತಲೆ ಕೊರೆಯಿತು. ಹೇಳಿದರೆ ಮಗಳು ಇದ್ದಷ್ಟು ದಿನ ನನ್ನನ್ನೇ ದೂರಿದರೆ? ಮುಂದಿನ ಅಪಾಯಿಂಟ್‌ಮೆಂಟಿನಲ್ಲಿ ಡಾಕ್ಟರ್, ಮಗಳು ಇಬ್ಬರ ಮುಂದೆಯೇ ಹೇಳಿಬಿಟ್ಟೆ.

ಅದೊಂದೇ ಕಾರಣವೆಂದು ಯಾರೂ ಹೇಳಲಾರರು, ತಪ್ಪು ನಿಮ್ಮದಲ್ಲ ಎಂದರು ಡಾಕ್ಟರ್. ನನಗೆ ಬೇಕಿದ್ದದ್ದು ಮಗಳ ಮಾತು. ಅವಳು ಟ್ಯಾಕ್ಸಿ ಹಿಡಿದು ಮನೆಗೆ ಕರೆತಂದಳು. ಮೆಟ್ಟಿಲು ಹತ್ತುವಾಗ ನಡುವೆ ನಿಂತಳು.

"ಅವ್ವಾ, ನೀ ಓದಿದ್ದು ಯಾರಿಗೂ ಗೊತ್ತಿರಲಿಲ್ಲೇನ?"

"ಇಲ್ಲ. ನಿಮ್ಮಪ್ಪಗೂ ಹೇಳಲಿಲ್ಲ, ಅವರು ಸಾಯೋತನಕ."

"ನಾ ಒಳಗ ಇದ್ದೆನಲ್ಲ. ನೀ ಒಬ್ಬಾಕೀನ ಎಲ್ಲಿದ್ದಿ?"

"ಹುಚ್ಚಿ, ಹತ್ತು ಮ್ಯಾಲ. ಮಣಕಾಲು ನೋಯಾಕತ್ತಾವ."

ಗುಳಿಗೆ ನಡೆದಿದೆ. ಎದೆ ಇನ್ನೂ ಹೊಡೆದುಕೊಳ್ಳುತ್ತದೆ, ಈಗ ತಿಂಗಳಿಗೊಮ್ಮೆ. ಅಷ್ಟಾದರೂ ಆಯಿತು. ಬಂದಾಗ ಬೈಯುವುದಿಲ್ಲ. ಪಕ್ಕದಲ್ಲಿ ಕೂತು, ನನ್ನ ಅವ್ವ ಹೇಗೆ ರೊಟ್ಟಿ ಬಡಿಯುತ್ತಿದ್ದಳು, ಎಮ್ಮೆಯ ಜೊತೆ ಹೇಗೆ ಜಗಳವಾಡುತ್ತಿದ್ದಳು ಎಂದು ಹೇಳುತ್ತೇನೆ. ಮಗಳ ಉಸಿರು ಹದಕ್ಕೆ ಬರುವಷ್ಟರಲ್ಲಿ ನನಗೆ ಅಳು ಬಂದಿರುತ್ತದೆ.

ಮುಗಿಯುವ ತನಕ ಅವಳು ಕಾಯುತ್ತಾಳೆ.