ಶಾಲೆಯ ತಗಡು ಹಾರಿದ ದಿನ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಓದಲು ಬರುತ್ತಿದ್ದುದು ಅಕ್ಕನೊಬ್ಬಳಿಗೇ. ಬೆಲ್ಲ ಕಟ್ಟಿಕೊಟ್ಟ ಹಳೆಯ ಪೇಪರನ್ನೂ ಬಿಡಿಸಿ, ತಿಕ್ಕಿ ನೇರ ಮಾಡಿ, ಅಪ್ಪನಿಗೆ ಓದಿ ಹೇಳುತ್ತಿದ್ದಳು. ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದ.

ಬೇಸಿಗೆ ರಜೆಯ ಒಂದು ಮಧ್ಯಾಹ್ನ ನಾವಿಬ್ಬರೂ ಲಿಂಬೆ ತೋಟದಲ್ಲಿದ್ದ ಅಪ್ಪನಿಗೆ ರೊಟ್ಟಿ ಕೊಟ್ಟು ಮರಳುತ್ತಿದ್ದೆವು. ಕರಿ ನೆಲ ಅಂಗಾಲು ಸುಡುತ್ತಿತ್ತು. ಒಂದೆಲೆಯೂ ಅಲುಗುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಪಶ್ಚಿಮಕ್ಕೆ ಧೂಳು ಗೋಡೆಯಂತೆ ಎದ್ದು ಸೂರ್ಯನನ್ನು ಮುಚ್ಚಿತು. ಆ ಬಯಲಿನಲ್ಲಿ ಮರೆಗೆ ಇದ್ದದ್ದು ಊರ ಹೊರಗಿನ ನಮ್ಮ ಶಾಲೆಯೊಂದೇ. ಓಡಿ ಹೋಗಿ ಅದರ ಪಡಸಾಲೆಯಲ್ಲಿ ನಿಂತೆವು.

ಗಾಳಿ ಬಂತು, ಹಿಂದೆಯೇ ಆಣೆಕಲ್ಲು. ತಲೆಯ ಮೇಲಿನ ತಗಡು ಕಿವಿ ಒಡೆಯುವಂತೆ ಬಡಿದುಕೊಳ್ಳತೊಡಗಿತು. ಅದರ ಒಂದು ಮೂಲೆ ಏಳುತ್ತ ಬೀಳುತ್ತ ಇದ್ದದ್ದನ್ನು ಅಕ್ಕ ನೋಡಿದಳು.

“ಇಲ್ಲಿ ನಿಂದರಬ್ಯಾಡ, ನಡಿ” ಎಂದು ನನ್ನ ಕೈ ಹಿಡಿದು ಎಳೆದಳು.

ಹೊಲದ ಒಡ್ಡಿನ ಕೆಳಗೆ ನನ್ನನ್ನು ಮಲಗಿಸಿ ಮೇಲೆ ಬೋರಲಾದಳು. ಆಣೆಕಲ್ಲುಗಳೆಲ್ಲ ಅವಳ ಬೆನ್ನ ಮೇಲೆ ಬಿದ್ದವು. ಸಿಡಿಲಿನ ನಡುವೆ ಏನೋ ಕಿತ್ತುಕೊಂಡ ಸಪ್ಪಳವಾಯಿತು. ತಗಡುಗಳು ನಮ್ಮನ್ನು ದಾಟಿ ಹಾರಿದವು. ನಾವು ನಿಂತಿದ್ದಲ್ಲಿ ತೊಲೆ ಬಿದ್ದಿತ್ತು.

ಅಪ್ಪ ಎದ್ದು ಬಿದ್ದು ಓಡಿ ಬಂದ. ಇಬ್ಬರ ತಲೆಯನ್ನೂ ಸವರಿ ನೋಡಿದ. ಅಕ್ಕ ಮಾತ್ರ ಬಯಲಾದ ಶಾಲೆಯೊಳಗೆ ಹೋಗಿ, ಕೆಸರಲ್ಲಿ ಬಿದ್ದಿದ್ದ ನಕಾಶೆಯನ್ನು ಎತ್ತಿ ಕಿಟಕಿಯ ಮೇಲೆ ಒಣಹಾಕಿದಳು.

ಜೂನ್ ಬಂದರೂ ಹೊಸ ತಗಡು ಬರಲಿಲ್ಲ. ನಮ್ಮಂಥ ಸಣ್ಣವರಿಗೆ ಗುಡಿಯ ಕಟ್ಟೆಯ ಮೇಲೆ ಪಾಠ ಶುರುವಾಯಿತು. ಅಕ್ಕನಂಥ ದೊಡ್ಡ ಮಕ್ಕಳು ತಾಂಬಾ ಊರಿನ ಶಾಲೆಗೆ ನಡೆದು ಹೋಗಬೇಕಿತ್ತು. ಅಷ್ಟು ದೂರದ ಬಯಲು ದಾರಿಗೆ ಹೆಣ್ಣುಮಗಳನ್ನು ಒಬ್ಬಳನ್ನೇ ಕಳಿಸಲು ಅಪ್ಪ ಒಪ್ಪಲಿಲ್ಲ.

“ತಗಡ ಹಾಕಿದ ಮ್ಯಾಲರ ಕಳಸ್ತೀಯೇನಪಾ?” ಎಂದು ಅಕ್ಕ ಒಮ್ಮೆ ಮಾತ್ರ ಕೇಳಿದಳು.

“ಹಾಕಲಿ, ನೋಡೂಣು” ಎಂದ ಅಪ್ಪ.

ತಗಡು ಹಾಕುವಷ್ಟರಲ್ಲಿ ಅಕ್ಕ ಮದುವೆಯಾಗಿ ದೇವಣಗಾಂವ ಸೇರಿದ್ದಳು. ಅವಳು ಉಳಿಸಿದ ನಾನು ಮುಂದೆ ಓದಿದೆ. ಮುಪ್ಪಿನಲ್ಲಿ ಮುಗಿಲು ಗುಡುಗಿದಾಗಲೆಲ್ಲ ಅಪ್ಪ, “ನಾನ ದಿನಾ ಹೋಗಿ ಅಕೀನ್ನ ಸಾಲಿಗೆ ಬಿಟ್ಟು ಬರಬೇಕಿತ್ತು” ಎನ್ನುತ್ತಿದ್ದ.

ಮಕ್ಕಳೇ, ಈಗ ಸಿಡಿಲು ಬರುವ ಮೊದಲೇ ಫೋನಿಗೆ ಸುದ್ದಿ ಬರುತ್ತದೆ. ನಿಮ್ಮ ಶಾಲೆಗೆ ಸಿಮೆಂಟಿನ ಮಾಳಿಗೆಯಿದೆ, ಬಸ್ಸು ಮನೆಯ ಮುಂದೆ ನಿಲ್ಲುತ್ತದೆ. ಬೇಸಿಗೆ ರಜೆ ಬೇಗ ಮುಗಿಯಿತೆಂದು ನೀವು ಮುಖ ಸಣ್ಣದು ಮಾಡುತ್ತೀರಿ. ನನ್ನ ಅಕ್ಕನಿಗೆ ಆ ವರ್ಷದ ರಜೆ ಮುಗಿಯಲೇ ಇಲ್ಲ.