ಮೇಷ್ಟ್ರ ಉಪವಾಸ

ನಾಯಿಗೆ ಕಾಯಿಲೆಯಾದರೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ, ಬೆಕ್ಕಿಗಾದರೆ ಅರ್ಧ ದಿನದಲ್ಲಿ, ಗಂಡನಿಗಾದರೆ ಅವನೇ ಅದನ್ನು ಇಡೀ ಬೀದಿಗೆ ತಿಳಿಸುತ್ತಾನೆ. ಆದರೆ ಆಮೆಗೆ ಕಾಯಿಲೆಯಾಗಿದೆಯೆಂದು ಕಂಡುಹಿಡಿಯುವುದು ಹೇಗೆ ಎಂದು ನೀವು ಎಂದಾದರೂ ಯೋಚಿಸಿದ್ದೀರಾ? ಆರೋಗ್ಯವಂತ ಆಮೆಯೂ ದಿನದ ಬಹುಭಾಗ ಅಲುಗದೆ ಕೂತಿರುತ್ತದೆ, ಅಸ್ವಸ್ಥ ಆಮೆಯೂ ಅಲುಗದೆ ಕೂತಿರುತ್ತದೆ. ಕೂರುವುದು ಕೂರ್ಮದ ಹೆಸರಿನಲ್ಲೇ ಇದೆಯೆಂದು ನಾನು ಹಿಂದೆ ತಮಾಷೆ ಮಾಡುತ್ತಿದ್ದೆ. ನಾಡಿ ಹಿಡಿಯೋಣವೆಂದರೆ ಕೈ ಒಳಕ್ಕೆ ಹೋಗುತ್ತದೆ, ನಾಲಗೆ ನೋಡೋಣವೆಂದರೆ ತಲೆಯೂ ಒಳಕ್ಕೆ ಹೋಗುತ್ತದೆ. ಹೋದ ವರ್ಷ ದೀಪಾವಳಿ ಕಳೆದ ಮೇಲೆ ಈ ಪ್ರಶ್ನೆ ನಮ್ಮ ಮನೆಯ ಅತಿಮುಖ್ಯ ಪ್ರಶ್ನೆಯಾಗಿ, ನನ್ನ ಪೇಪರು, ಕಾಫಿ, ಮಧ್ಯಾಹ್ನದ ನಿದ್ದೆಗಳೆಲ್ಲ ಅದರ ಮುಂದೆ ಗೌಣವಾಗಿಬಿಟ್ಟವು.

ನಮ್ಮ ಆಮೆಯ ಹೆಸರು ಮೇಷ್ಟ್ರು. ಬೆನ್ನಿನ ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳ ನಕ್ಷತ್ರಗಳಿರುವ ಜಾತಿ. ನನ್ನ ಹೆಂಡತಿ ಸುಮಿತ್ರೆಗೆ ಒಂಬತ್ತು ವರ್ಷವಾಗಿದ್ದಾಗ ಅವಳ ತಂದೆ ಗೌರಿಬಿದನೂರಿನ ಕಡೆ ಯಾವುದೋ ಹೊಲದ ಬದುವಿನಲ್ಲಿ ಸಿಕ್ಕಿದ್ದನ್ನು ಟವೆಲಿನಲ್ಲಿ ಸುತ್ತಿ ಜಯನಗರದ ಮನೆಗೆ ತಂದರಂತೆ. ಸುಕ್ಕುಗಟ್ಟಿದ ಕತ್ತು, ನಿಧಾನವಾದ ನಡೆ, ಎಲ್ಲರನ್ನೂ ಸ್ವಲ್ಪ ಅಸಮಾಧಾನದಿಂದ ನೋಡುವ ಕಣ್ಣು ಇವುಗಳನ್ನು ಕಂಡು ಸುಮಿತ್ರೆಯೇ ಆ ನಾಮಕರಣ ಮಾಡಿದಳಂತೆ. ಮುಂದೆ ತರ್ಕಶಾಸ್ತ್ರದ ಅಧ್ಯಾಪಕನಾದ ನಾನು ಅಳಿಯನಾಗಿ ಆ ಮನೆಗೆ ಬಂದಾಗ ಅಲ್ಲಿ ಇಬ್ಬರು ಮೇಷ್ಟ್ರಾದೆವು. "ಮೇಷ್ಟ್ರಿಗೆ ಸೌತೆಕಾಯಿ ಹೆಚ್ಚಿಡೇ" ಎಂದು ಅತ್ತೆಯವರು ಒಳಗಿನಿಂದ ಕೂಗಿದ್ದನ್ನು ಕೇಳಿ ಕೈತೊಳೆದುಕೊಂಡು ಬಂದು ಕೂತ ಅವಮಾನ ನನಗೆ ಎರಡು ಸಲ ಆಗಿದೆ.

ಈಗ ಮಾವನವರಿಲ್ಲ, ಅತ್ತೆಯವರಿಲ್ಲ, ಆ ಮನೆಯಿದ್ದ ಜಾಗದಲ್ಲಿ ಗಾಜಿನ ಕಟ್ಟಡವೊಂದು ಏಳುತ್ತಿದೆ. ಸುಮಿತ್ರೆ ಫ್ರಾಕು ಹಾಕಿಕೊಂಡು ಓಡಾಡಿದ್ದನ್ನು ಕಣ್ಣಾರೆ ಕಂಡ ಮನೆಯವರಲ್ಲಿ ಜೀವಂತವಾಗಿ ಉಳಿದವರು ಮೇಷ್ಟ್ರೊಬ್ಬರೇ. ಹಬ್ಬದ ದಿನ ಹೊಸ ಸೀರೆಯುಟ್ಟು ಅವಳು ಮೊದಲು ಹೋಗಿ ನಿಲ್ಲುತ್ತಿದ್ದುದು ನನ್ನೆದುರು ಅಲ್ಲ, ಅವರೆದುರು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು ಎಂದರೆ ನೀವು ನಗಬಹುದು, ಆದರೂ ಆಗುತ್ತಿದ್ದುದು ನಿಜ.

ಆ ದೀಪಾವಳಿಗೆ ಎಂಟು ತಿಂಗಳ ಮೊದಲು ನಾವು ಪುಟ್ಟೇನಹಳ್ಳಿಯ ಈ ಫ್ಲಾಟಿಗೆ ಬಂದಾಗ ಮೇಷ್ಟ್ರನ್ನು ಎಲ್ಲಿಡುವುದೆಂಬ ಸಮಸ್ಯೆ ಎದ್ದಿತು. ಗೃಹಪ್ರವೇಶಕ್ಕೆ ಬಂದವರಲ್ಲಿ ಮೂವರು ನಮಗೆ ಹಿತ್ತಾಳೆಯ ಆಮೆಗಳನ್ನೇ ಉಡುಗೊರೆ ಕೊಟ್ಟು, ತಟ್ಟೆಯಲ್ಲಿ ನೀರು ಹಾಕಿ ಉತ್ತರ ದಿಕ್ಕಿನಲ್ಲಿಡಿ, ಮನೆಗೆ ಬಹಳ ಒಳ್ಳೆಯದು ಎಂದು ವಾಸ್ತು ಹೇಳಿ ಹೋದರು. ನಾನು ವಾಸ್ತುವನ್ನು ನಂಬುವವನಲ್ಲ. ಆದರೆ ಮೂವತ್ತು ವರ್ಷ ತರ್ಕ ಬೋಧಿಸಿದ ಬುದ್ಧಿ ಸುಮ್ಮನಿರಬೇಕಲ್ಲ: ಹಿತ್ತಾಳೆಯ ಆಮೆ ಉತ್ತರದಲ್ಲಿ ನೀರಿನಲ್ಲಿದ್ದರೆ ಒಳ್ಳೆಯದು, ಮೇಷ್ಟ್ರೂ ಆಮೆ, ಆದ್ದರಿಂದ ಮೇಷ್ಟ್ರು ಉತ್ತರದಲ್ಲಿ ನೀರಿನಲ್ಲಿದ್ದರೆ ಇನ್ನೂ ಒಳ್ಳೆಯದು ಎಂದು ಅದು ತೀರ್ಮಾನಿಸಿತು. ಕೂರ್ಮಾವತಾರವಾದದ್ದೂ ಸಮುದ್ರದಲ್ಲಿ ತಾನೆ ಎಂದು ಮೇಲೊಂದು ಸಮರ್ಥನೆ ಸೇರಿಸಿದೆ. ಸುಮಿತ್ರೆ ನನ್ನ ವಾದವನ್ನು ಒಪ್ಪಿದ್ದು ನಮ್ಮ ದಾಂಪತ್ಯದಲ್ಲಿ ಅದೇ ಮೊದಲಿರಬೇಕು. ಉತ್ತರದ ಬಾಲ್ಕನಿಯಲ್ಲಿ ಅಗಲವಾದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ಎರಡು ಬೆರಳು ನೀರು, ನೀರಿನಲ್ಲಿ ಮೇಷ್ಟ್ರು, ಸುತ್ತ ನುಣ್ಣನೆಯ ಟೈಲ್ಸು, ಹೀಗೆ ಏರ್ಪಾಟಾಯಿತು.

ದೀಪಾವಳಿಯ ಮರುದಿನದಿಂದ ಮೇಷ್ಟ್ರು ಊಟ ಬಿಟ್ಟರು. ಜೊತೆಗೆ ತಟ್ಟೆಯಿಂದ ಹೇಗೋ ಹೊರಬಿದ್ದು ಮೂಲೆಯಿಂದ ಮೂಲೆಗೆ ಅಲೆದು ಹಿಂಗಾಲುಗಳಿಂದ ಟೈಲ್ಸನ್ನು ಕೆರೆಯತೊಡಗಿದರು. ಕೆಳಗಿನ ಮನೆಯವರು ಫೋನ್ ಮಾಡಿ, "ಅಂಕಲ್, ಡ್ರಿಲ್ಲಿಂಗ್ ಯಾವಾಗ ಮುಗಿಯತ್ತೆ? ಮಗು ಮಲಗಿದೆ" ಎಂದು ಕೇಳಿದರು. ನಾನು ಇದು ಹೊಟ್ಟೆಯುಬ್ಬರದ ಲಕ್ಷಣವೆಂದು ನಿರ್ಧರಿಸಿ ಓಮದ ನೀರು ಕುಡಿಸಲು ಹೋದೆ. ಮೇಷ್ಟ್ರು ಬಾಗಿಲು ಹಾಕಿಕೊಂಡರು. ಒಂದು ವಾರದ ಬಳಿಕ ಕೆರೆತವೂ ನಿಂತು, ಕಣ್ಣುಗಳು ಊದಿಕೊಂಡು, ಅವರು ಹಾಗೇ ಬಿದ್ದುಕೊಂಡರು. ಆಮೆಯ ಕಣ್ಣಿನ ರೆಪ್ಪೆ ಕೆಳಗಿನಿಂದ ಮೇಲಕ್ಕೆ ಮುಚ್ಚುತ್ತದೆ ಎಂಬುದನ್ನು ನಾನು ಗಮನಿಸಿದ್ದು ಆಗಲೇ. ಉಸಿರಾಡುವಾಗ ಅದರ ಎದೆ ಏರುವುದಿಲ್ಲ, ಕಾಲುಗಳ ಬುಡದ ಚರ್ಮ ತುಸು ಒಳಹೊರಗಾಗುತ್ತದೆ. ಮೂಗಿನ ಹತ್ತಿರ ಹಿಡಿದ ಪುಟ್ಟ ಕನ್ನಡಿಯ ಮೇಲೆ ಆವಿ ಕೂತಿದೆಯೇ ಎಂದು ಕನ್ನಡಕ ಹಾಕಿಕೊಂಡು ನೋಡುತ್ತ ನೆಲದ ಮೇಲೆ ಬೋರಲು ಮಲಗಿದ್ದಾಗ, ಇಷ್ಟು ವರ್ಷ ಒಂದೇ ಸೂರಿನಡಿ ಇದ್ದ ಜೀವಿಯ ಬಗ್ಗೆ ನನಗೆ ಇಷ್ಟು ಕಡಿಮೆ ಗೊತ್ತಿದೆಯಲ್ಲ ಎಂದು ನಾಚಿಕೆಯಾಯಿತು.

ಬಿಟಿಎಂ ಲೇಔಟಿನ ಒಂದು ಪ್ರಾಣಿಗಳ ಕ್ಲಿನಿಕ್ಕಿಗೆ ಆಟೋದಲ್ಲಿ ಹೋದೆವು. ಒಂದು ಕಡೆ ಲ್ಯಾಬ್ರಡಾರು, ಇನ್ನೊಂದು ಕಡೆ ಮುಖ ಸಿಂಡರಿಸಿದ ಪರ್ಷಿಯನ್ ಬೆಕ್ಕು, ನಡುವೆ ಸುಮಿತ್ರೆಯ ತೊಡೆಯ ಮೇಲೆ ಕುಕ್ಕರಿನ ರಟ್ಟಿನ ಪೆಟ್ಟಿಗೆಯಲ್ಲಿ ಮೇಷ್ಟ್ರು. ಡಾಕ್ಟರು ನಮ್ಮ ವಿದ್ಯಾರ್ಥಿನಿಯರ ವಯಸ್ಸಿನ ಹುಡುಗಿ, ಸುಳ್ಳು ಹೇಳಲು ಬಾರದವಳು. "ಅಂಕಲ್, ನಾನು ನಾಯಿ-ಬೆಕ್ಕು ಮಾತ್ರ ನೋಡೋದು. ಇದಕ್ಕೆ ಏನೋ ಒಂದು ಇಂಜೆಕ್ಷನ್ ಕೊಟ್ಟು ಕಳಿಸಿದ್ರೆ ತಪ್ಪಾಗತ್ತೆ" ಎಂದಳು. ಆಮೇಲೆ ಬಾಗಿಲನ್ನೊಮ್ಮೆ ನೋಡಿ ದನಿ ತಗ್ಗಿಸಿದಳು. "ಆಂಟಿ, ಬೇಜಾರ್ ಮಾಡ್ಕೋಬೇಡಿ. ಸ್ಟಾರ್ ಆಮೆ ಮನೇಲಿ ಇಟ್ಕೊಳ್ಳೋ ಹಾಗೇ ಇಲ್ಲ, ಕಾನೂನಿದೆ. ಕನಕಪುರ ರೋಡ್ ಕಡೆ ರೆಸ್ಕ್ಯೂ ಸೆಂಟರ್ ಇದೆ. ಅವ್ರಿಗೆ ಕೊಟ್ಬಿಡಿ, ಅಲ್ಲಿ ಆಮೆ ಡಾಕ್ಟರೇ ಇದಾರೆ."

ಸುಮಿತ್ರೆ ಸೆರಗಿನಿಂದ ಪೆಟ್ಟಿಗೆಯನ್ನು ಮುಚ್ಚಿಕೊಂಡು ಎದ್ದಳು. ಆಟೋ ಹತ್ತಿ ಜೇಪಿ ನಗರ ದಾಟಿದೆವು. ಆಮೇಲೆ, "ಕೊಡಲ್ಲ ರೀ. ಕೊಟ್ಮೇಲೆ ವಾಪಸ್ ಕೊಡ್ತಾರಾ? ನಾವೇ ನೋಡ್ಕೊಳ್ಳೋಣ" ಎಂದಳು. ಡಾಕ್ಟರಿಲ್ಲದೆ ಇವರು ಉಳಿಯುವುದಿಲ್ಲ, ಡಾಕ್ಟರಿಗೆ ತೋರಿಸಿದರೆ ಇವರು ನಮ್ಮವರಾಗಿ ಉಳಿಯುವುದಿಲ್ಲ. ತರಗತಿಯಲ್ಲಿ ಇಂಥ ಉಭಯಸಂಕಟಗಳನ್ನು ಎಷ್ಟೋ ಸಲ ಬೋರ್ಡಿನ ಮೇಲೆ ಬರೆದು ಉತ್ಸಾಹದಿಂದ ವಿವರಿಸಿದ್ದೆ. ಈಗ ಅದು ಕುಕ್ಕರಿನ ಪೆಟ್ಟಿಗೆಯಲ್ಲಿ ಕೂತಿತ್ತು.

ಮುಂದಿನ ದಿನಗಳಲ್ಲಿ ನಾವಿಬ್ಬರೂ ಆಮೆವೈದ್ಯರಾದೆವು. ಫೋನಿನ ವೀಡಿಯೊದಲ್ಲಿ ಅಮೆರಿಕದ ಒಬ್ಬಾತ ತನ್ನ ಆಮೆಗೆ ಹಗಲೆಲ್ಲ ಉರಿಯುವ ವಿಶೇಷ ದೀಪ, ಉಷ್ಣಮಾಪಕ, ತೇವಮಾಪಕಗಳನ್ನು ಇಟ್ಟಿರುವುದನ್ನು ತೋರಿಸಿದ. ಇನ್ನೊಬ್ಬಾಕೆ ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿಸಿ ಎಂದಳು, ಮಾಡಿಸಿದೆವು. ಅಡುಗೆಮನೆಯ ತಕ್ಕಡಿಯಲ್ಲಿ ದಿನಾ ತೂಗಿದೆವು. ಸೋಜಿಗವೆಂದರೆ ಹನ್ನೊಂದು ದಿನದ ಉಪವಾಸದ ಬಳಿಕವೂ ಮೇಷ್ಟ್ರ ತೂಕ ಇಳಿದಿರಲಿಲ್ಲ; ಒಂದು ಹೊತ್ತು ಬಿಟ್ಟರೆ ಕುಸಿಯುವ ನಾನು ಇದನ್ನು ಸ್ವಲ್ಪ ಅಸೂಯೆಯಿಂದಲೇ ನೋಡಿದೆ. ದಾಸವಾಳ, ಕಲ್ಲಂಗಡಿ, ಜೇನುತುಪ್ಪ ಎಲ್ಲ ಬಾಯಿಯ ಬಳಿ ಬಂದು ಹಿಂದಿರುಗಿದವು. ಸುಮಿತ್ರೆಯೂ ಊಟ ಕಡಿಮೆ ಮಾಡಿದಳು. "ನೀನೂ ತಿನ್ನದೆ ಇದ್ರೆ ಅವ್ರು ತಿಂತಾರಾ?" ಎಂದು ರೇಗಿದರೆ, "ಅವ್ರು ಹೋದ್ರೆ ನಮ್ಮಪ್ಪ ಇನ್ನೊಂದ್ಸಲ ಹೋದ ಹಾಗೆ ರೀ" ಎಂದಳು.

ಪರಿಹಾರ ಬಂದದ್ದು ತಳ್ಳುಗಾಡಿಯಲ್ಲಿ. ಅಂಜನಾಪುರದ ಕಡೆಯಿಂದ ಸೊಪ್ಪು ತರುವ ಮುನಿಯಮ್ಮ ದಿನಾ ಬೆಳಿಗ್ಗೆ ನಮ್ಮ ಗೇಟಿನ ಮುಂದೆ ನಿಲ್ಲುತ್ತಾಳೆ. ಮೇಷ್ಟ್ರಿಗೆ ಯಾವ ಸೊಪ್ಪಿನ ಮೇಲಾದರೂ ಮನಸ್ಸಾದೀತೇನೋ ಎಂಬ ಆಸೆಯಿಂದ ಸುಮಿತ್ರೆ ಅವರನ್ನು ತಟ್ಟೆ ಸಮೇತ ಕೆಳಗಿಳಿಸಿ ಗಾಡಿಯ ಪಕ್ಕ ಹಿಡಿದಳು. ಮುನಿಯಮ್ಮ ಸೊಪ್ಪು ಬಿಟ್ಟು ತಟ್ಟೆಯನ್ನೇ ನೋಡಿದಳು.

"ಇದ್ಯಾಕಮ್ಮೋ ನೀರಾಗೆ ಮಡಗಿದ್ದೀರಿ?"

"ಆಮೆ ಅಲ್ವಾ?" ಎಂದೆ ನಾನು, ಅಧ್ಯಾಪಕರ ಗತ್ತಿನಲ್ಲಿ.

"ಆಮೆನೇ ಸ್ವಾಮಿ, ಆದ್ರೆ ಇದು ಕೆರೇದಲ್ಲ, ನೆಲದ್ದು. ನಾವ್ ಸಣ್ಣೋರಿದ್ದಾಗ ಹುರುಳಿ ಹೊಲದಾಗೆ ಓಡಾಡ್ತಿದ್ವು. ಇದಕ್ಕೆ ಬಿಸ್ಲು ಬೇಕು, ಮಣ್ಣು ಬೇಕು. ಈಜಾಕೆ ಬರಾಕಿಲ್ಲ ಇದಕ್ಕೆ!"

ಹೊಲದ ಬದುವಿನಲ್ಲಿ ಸಿಕ್ಕ ಪ್ರಾಣಿಯೆಂದು ಸಾವಿರ ಸಲ ಹೇಳಿದ್ದೆವು, ಕೇಳಿದ್ದೆವು. ಜಯನಗರದ ಹಿತ್ತಿಲಿನಲ್ಲಿ ಅದು ಸಂಪಿಗೆ ಮರದಡಿಯ ಮಣ್ಣಿನಲ್ಲೇ ಬಾಳಿದ್ದನ್ನೂ ಕಂಡಿದ್ದೆವು. ಆದರೂ ಫ್ಲಾಟಿಗೆ ಬಂದಾಗ ಕಂಡದ್ದನ್ನು ಬಿಟ್ಟು ಹಿತ್ತಾಳೆಯ ಬೊಂಬೆಯನ್ನು ಪ್ರಮಾಣವಾಗಿ ಹಿಡಿದೆವು. ಪ್ರತ್ಯಕ್ಷಕ್ಕಿಂತ ದೊಡ್ಡ ಪ್ರಮಾಣವಿಲ್ಲವೆಂದು ನಾನು ಪಾಠ ಮಾಡಿದ್ದೆನಲ್ಲ, ಆ ಸಂಬಳವನ್ನೆಲ್ಲ ಸರ್ಕಾರಕ್ಕೆ ಹಿಂದಿರುಗಿಸಬೇಕೆನಿಸಿತು.

ಇನ್ನು ಮಣ್ಣು. ನಲವತ್ತೆಂಟು ಮನೆಗಳ ನಮ್ಮ ಕಟ್ಟಡದ ಸುತ್ತ ಒಂದು ಸುತ್ತು ಹಾಕಿ ನೋಡಿ, ಕಾಲಿಟ್ಟಲ್ಲೆಲ್ಲ ಸಿಮೆಂಟಿನ ಹಾಸು. ಇದ್ದ ಹುಲ್ಲಿನ ಮೇಲೆ ನಡೆಯಬಾರದೆಂಬ ಫಲಕ. ಕೊನೆಗೆ ದಕ್ಷಿಣಕ್ಕೆ, ಪಂಪಿನ ಮನೆಯ ಹಿಂದೆ, ಯಾರಿಗೂ ಬೇಡವಾಗಿ ಉಳಿದ ಮಂಚದಗಲದ ಕೆಮ್ಮಣ್ಣು ಸಿಕ್ಕಿತು. ಬೆಳಿಗ್ಗೆ ಒಂಬತ್ತರಿಂದ ಅಲ್ಲಿ ಬಿಸಿಲು. ನಾವಿಬ್ಬರೂ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಮೇಷ್ಟ್ರನ್ನು ಮಣ್ಣಿನ ಮೇಲಿಟ್ಟು, ಪಕ್ಕದಲ್ಲಿ ನೆರಳಿಗೊಂದು ಕೊಡೆ ಬಿಚ್ಚಿ ಕಾವಲು ಕೂತೆವು. ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ದಿನ ಒಂದು ಕಣ್ಣು ಗೀರಿನಷ್ಟು ತೆರೆಯಿತು. ಮೂರನೆಯ ದಿನ ಹನ್ನೊಂದರ ಹೊತ್ತಿಗೆ ಅವರು ಎದ್ದು, ಜಾಗವನ್ನೆಲ್ಲ ಮೂಸಿ, ಗೋಡೆಗೆ ಮುಖ ಮಾಡಿ ನಿಂತು, ನೆಲವನ್ನು ತಾವೇ ಒದ್ದೆ ಮಾಡಿಕೊಂಡು, ಹಿಂಗಾಲಿನಿಂದ ಕೆರೆಯತೊಡಗಿದರು. ಒಂದು ಕಾಲು, ಆಮೇಲೆ ಇನ್ನೊಂದು ಕಾಲು. ಟೈಲ್ಸಿನ ಮೇಲೆ ಮಾಡುತ್ತಿದ್ದುದೂ ಇದನ್ನೇ. ಈಗ ಮಣ್ಣು ಬರುತ್ತಿತ್ತು.

ಮಧ್ಯಾಹ್ನ ಎರಡಕ್ಕೆ ಹಳ್ಳ ಹೂಜಿಯಷ್ಟು ಆಳವಾಯಿತು. ನಾವು ಊಟಕ್ಕೆ ಏಳಲಿಲ್ಲ. ಆಮೇಲೆ ಮೇಷ್ಟ್ರು ಕತ್ತು ಮುಂದಕ್ಕೆ ಚಾಚಿದರು, ಬಿಳಿಯದೊಂದು ಹಳ್ಳಕ್ಕೆ ಜಾರಿತು. ಮತ್ತೊಂದು ಜಾರಿತು. ಒಟ್ಟು ನಾಲ್ಕು.

"ರೀ, ಮೊಟ್ಟೆ" ಎಂದಳು ಸುಮಿತ್ರೆ. "ಮೇಷ್ಟ್ರು ಮೊಟ್ಟೆ ಇಟ್ರು!"

ನಾವು ನಕ್ಕ ನಗುವಿಗೆ ಪಂಪಿನ ಮನೆಯ ಪಾರಿವಾಳಗಳು ಹಾರಿಹೋದವು. ಹನ್ನೊಂದು ದಿನ ತೂಕ ಇಳಿಯದ ರಹಸ್ಯ, ಡ್ರಿಲ್ಲಿಂಗಿನ ರಹಸ್ಯ ಎರಡೂ ಬಯಲಾದವು. ಗಂಡಿಲ್ಲದೆಯೂ ಹೆಣ್ಣಾಮೆ ಮೊಟ್ಟೆಯಿಡುತ್ತದೆ, ಮರಿಯಾಗುವುದಿಲ್ಲ ಅಷ್ಟೆ. ಇಡಲು ಮಣ್ಣು ಸಿಗದಿದ್ದರೆ ಒಳಗೇ ಹೊತ್ತು ನರಳುತ್ತದೆ ಎಂದು ಆಮೇಲೆ ಓದಿದೆವು. ಜಯನಗರದ ಸಂಪಿಗೆಯ ಬುಡ ಅಗೆದಾಗ ಆಗೀಗ ಸಿಗುತ್ತಿದ್ದ ಬಿಳಿಯ ಗುಂಡುಗಳನ್ನು ಪಕ್ಕದ ಮನೆಯ ಮಕ್ಕಳ ಟೇಬಲ್ ಟೆನಿಸ್ ಚೆಂಡೆಂದು ನಮ್ಮ ಮಾವನವರು ಕಾಂಪೌಂಡಿನಾಚೆ ಎಸೆದು ಬೈಯುತ್ತಿದ್ದುದು ಸುಮಿತ್ರೆಗೆ ನೆನಪಾಯಿತು.

ನಗು ಮುಗಿದ ಮೇಲೆ ಸುಮಿತ್ರೆ ಕೊಡೆಯನ್ನು ಸರಿಸಿ ನೆರಳು ಮಾಡಿದಳು. ಮೇಷ್ಟ್ರು, ಅಂದರೆ ಅವಳು, ಹಳ್ಳವನ್ನು ಹಿಂಗಾಲಿನಿಂದಲೇ ಮುಚ್ಚಿ, ಹೊಟ್ಟೆಯಿಂದ ಒತ್ತಿ ಸಮ ಮಾಡಿ, ಅಲ್ಲೇ ಬಿದ್ದಿದ್ದ ದಾಸವಾಳವನ್ನು ಕಚ್ಚಿ ತಿಂದಳು. ಬದುಕಿದಳು ಎಂದು ನನಗೆ ಕಣ್ಣಲ್ಲಿ ನೀರು ಬಂದಿತು.

"ನಲವತ್ತೇಳು ವರ್ಷ ಜೊತೇಲಿದ್ದು ಹೆಣ್ಣು ಅನ್ನೋದೇ ಗೊತ್ತಾಗ್ಲಿಲ್ಲ. ಇನ್ನೇನ್ ನೋಡ್ಕೊಂಡೆ ರೀ ನಾನು?" ಎಂದಳು ಸುಮಿತ್ರೆ. "ಮುಂದಿನ್ಸಲ ಈ ಜಾಗಾನೂ ಇರಲ್ಲ, ಇಲ್ಲಿ ಪಾರ್ಕಿಂಗ್ ಮಾಡ್ತಾರಂತೆ." ರೆಸ್ಕ್ಯೂ ಸೆಂಟರಿನ ನಂಬರನ್ನು ಅವಳೇ ಹುಡುಕಿ ಅವಳೇ ಒತ್ತಿದಳು. ಬೇಡ ಎನ್ನಲು ನನಗೆ ಮನಸ್ಸಿತ್ತು, ಆದರೆ ಅವಳ ಮುಖ ನೋಡಿ ಎನ್ನಲಿಲ್ಲ.

ಅಂಜನಾಪುರ ದಾಟಿ ಸ್ವಲ್ಪ ದೂರದಲ್ಲಿ ಆ ಜಾಗ. ಅಲ್ಲಿಯವರು ನಮ್ಮನ್ನು ಕಳ್ಳರಂತೆ ನೋಡಲಿಲ್ಲ. ಒಂದಿಷ್ಟು ಕಾಗದಕ್ಕೆ ಸಹಿ ಹಾಕಿಸಿಕೊಂಡು, ಅವಳನ್ನು ತಿರುಗಿಸಿ ಮುರುಗಿಸಿ ಪರೀಕ್ಷಿಸಿ, "ಚೆನ್ನಾಗಿದಾಳೆ, ಕಣ್ಣಿಗೆ ಸ್ವಲ್ಪ ಡ್ರಾಪ್ಸ್ ಹಾಕ್ಬೇಕು ಅಷ್ಟೆ" ಎಂದರು. ಬೇಲಿಯೊಳಗೆ ಹುಲ್ಲು, ಮಣ್ಣು, ಬಿಸಿಲು, ಇನ್ನೂ ಏಳೆಂಟು ಆಮೆಗಳು. ಸುಮಿತ್ರೆ ತಾನೇ ಬಗ್ಗಿ ನೆಲಕ್ಕೆ ಬಿಟ್ಟಳು. ಮೇಷ್ಟ್ರು ಒಂದು ಕ್ಷಣವೂ ಯೋಚಿಸಲಿಲ್ಲ. ನಾನು ಎಂದೂ ಕಂಡಿರದ ವೇಗದಲ್ಲಿ ಹುಲ್ಲಿನೊಳಗೆ ನುಗ್ಗಿ ನಡೆದುಬಿಟ್ಟಳು. ನಾವು ಬೇಲಿ ಹಿಡಿದು ಒಂದು ಗಂಟೆ ನಿಂತೆವು.

ವಾಪಸು ಬರುವ ದಾರಿಯಲ್ಲಿ ಸುಮಿತ್ರೆ, "ಒಂದ್ಸಲನಾದ್ರೂ ತಿರುಗಿ ನೋಡ್ತಾಳೆ ಅನ್ಕೊಂಡಿದ್ದೆ" ಎಂದಳು.

"ಆಮೆಗೆ ಕತ್ತು ಅಷ್ಟು ತಿರುಗಲ್ಲ ಕಣೆ. ಚಿಪ್ಪು ಅಡ್ಡ ಬರತ್ತೆ" ಎಂದೆ.

ಆಮೆಯ ಕತ್ತು ಬೇಕಾದಷ್ಟು ತಿರುಗುತ್ತದೆ. ದಿನಾ ಸಂಜೆ ಅಡುಗೆಮನೆಯ ಬಾಗಿಲಲ್ಲಿ ತನ್ನ ಹೆಜ್ಜೆ ಸಪ್ಪಳಕ್ಕೆ ಅದು ತಿರುಗಿದ್ದನ್ನು ನಲವತ್ತೇಳು ವರ್ಷ ಕಂಡವಳಿಗೆ ನಾನು ಈ ಮಾತು ಹೇಳುತ್ತಿದ್ದೆ. ಸುಮಿತ್ರೆ ನನ್ನನ್ನು ಒಮ್ಮೆ ನೋಡಿದಳು. ಆಮೇಲೆ ಆಟೋದ ಸದ್ದಿನಲ್ಲಿ ನನ್ನ ತೋಳಿಗೆ ಒರಗಿಕೊಂಡು, "ಹೌದಾ? ಹಂಗಾದ್ರೆ ಸರಿ" ಎಂದಳು.